ಸೈಕಲ್ ದಾರಿಗೆ ನಾನು ಹಾಕಿದ ಕಲ್ಲು

ಫಾರಿನ್ನಿಗೆ ಹೋಗಿ ಬಂದವರು ಅಲ್ಲಿನ ಅರಮನೆ, ಹೂದೋಟ, ಸೇತುವೆಗಳ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಒಂದು ಟ್ರಾಫಿಕ್ ಸರ್ಕಲ್ಲಿನ ಫೋಟೊ. ನಡುವೆ ಹಳದಿ ಹೂ, ಸುತ್ತ ಕಾರುಗಳು, ಬದಿಯಲ್ಲಿ ಸೈಕಲ್ ಹಿಡಿದು ನಿಂತ ಒಬ್ಬ ಅಜ್ಜಿ. ಆಲ್ಬಮ್ ತಿರುವುವ ನೆಂಟರು ಇದಕ್ಕೂ ರೀಲು ಹಾಳು ಮಾಡಿದೆಯಾ ಎಂದು ಕೇಳುತ್ತಾರೆ. ಹೌದು, ಆರು ವಾರ ಇಂಗ್ಲೆಂಡಿನಲ್ಲಿದ್ದು ನಾನು ಸರಿಯಾಗಿ ನೋಡಿದ್ದು ಅದೊಂದನ್ನೇ. ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅರ್ಧ ಉರಿ ಅಲ್ಲಿನವರ ಮೇಲೆ, ಉಳಿದರ್ಧ ನನ್ನ ಮೇಲೆ.

ಡೋರೀನ್ ಅವರ ಮನೆ

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಲೇತಿನಿಂದ ಬಂದ ತುಂಡು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಹಾಗಾಗಿ ಶಾಪ್ ಫ್ಲೋರಿನವರಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ತೊಂಬತ್ತರ ದಶಕದ ನಡುವೆ ನಮ್ಮ ಮಾಲೀಕರು ಇಂಗ್ಲೆಂಡಿನಿಂದ ಒಂದು ಅಳತೆ ಯಂತ್ರ ತರಿಸಲು ನಿಶ್ಚಯಿಸಿ, ಅದನ್ನು ಕಲಿತು ಬರಲು ಇಬ್ಬರನ್ನು ಕಳಿಸಿದರು. ಒಬ್ಬಳು ನಾನು. ಇನ್ನೊಬ್ಬರು ಫೋರ್‌ಮನ್ ಗಂಗಣ್ಣ. ಚಿಕ್ಕಬಾಣಾವರದವರು, ಐವತ್ತು ದಾಟಿದವರು, ವರ್ಷಗಟ್ಟಲೆಯಿಂದ ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವರು. ಇಂಗ್ಲಿಷ್ ಬಾರದು, ಆದರೆ ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲರು. ರಾಣೇಬೆನ್ನೂರಿನಿಂದ ಬಂದಿದ್ದ ನಮ್ಮ ಮಾವನವರು ಪರಗಂಡಸಿನ ಜೊತೆ ಪರದೇಶವೇ ಎಂದು ಹುಬ್ಬು ಗಂಟಿಕ್ಕಿದ್ದರು. ಗಂಗಣ್ಣ ನಮ್ಮ ಬಾಡಿಗೆ ಮನೆಗೇ ಬಂದು, ಕಾಫಿ ಕುಡಿದು, ತಮ್ಮ ಮಗಳಿಗೆ ಗಂಡು ಹುಡುಕುತ್ತಿರುವ ಸಂಕಟವನ್ನೆಲ್ಲ ತೋಡಿಕೊಂಡು ಹೋದ ಮೇಲೆ ಮಾವ ತಣ್ಣಗಾದರು.

ಬರ್ಮಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರು. ನಮ್ಮಿಬ್ಬರಿಗೂ ಕಂಪನಿಯವರು ಕೋಣೆ ಹಿಡಿದಿದ್ದು ಡೋರೀನ್ ಎಂಬ ಅಜ್ಜಿಯ ಮನೆಯಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಚಹಾ ಕೆಟಲ್ ತಣ್ಣಗಾಗಬಾರದೆಂದು ಅದಕ್ಕೊಂದು ಉಲನ್ ಟೋಪಿ ಹಾಕಿಡುತ್ತಿದ್ದರು. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಗೇ ಸಾರಿ ಹೇಳುತ್ತಿದ್ದರು. ನಾವು ಮಾಂಸ ಮುಟ್ಟುವುದಿಲ್ಲ ಎಂದು ನಾನು ಹೇಳಿದಾಗ ಹೌಹಾರಿ, ಹಾಗಾದರೆ ಆಲೂಗಡ್ಡೆ ಎಂದರು. ಗಂಗಣ್ಣನಿಗೂ ಸೇರಿಸಿ ನಾನು ಹಾಗೆ ಹೇಳಿದ್ದು ಅನ್ಯಾಯವೇ. ಅವರ ಮನೆಯಲ್ಲಿ ಭಾನುವಾರ ಕೋಳಿ ಇಲ್ಲದೆ ಅಡುಗೆಯಿಲ್ಲ. ಆರು ವಾರ ಪಾಪ ಆಲೂಗಡ್ಡೆ ತಿಂದರು, ನನ್ನ ಮುಖ ನೋಡುತ್ತಾ.

ಪೊಲೀಸಪ್ಪ

ಡೋರೀನ್ ತಮ್ಮ ತೀರಿಹೋದ ಗಂಡನ ಸೈಕಲ್ಲನ್ನು ಶೆಡ್ಡಿನಿಂದ ತೆಗೆದು ಕೊಟ್ಟರು. ಇಬ್ಬರಿಗೆ ಒಂದೇ ಸೈಕಲ್ಲು. ಮೊದಲ ಭಾನುವಾರ ಗಂಗಣ್ಣ ತುಳಿದರು, ನಾನು ಹಿಂದೆ ಕ್ಯಾರಿಯರ್ ಮೇಲೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತೆ. ಚರ್ಚ್ ಮೂಲೆ ತಿರುಗುವಾಗ ಎದುರಿಗೆ ಒಬ್ಬ ಪೊಲೀಸ್ ಬರುತ್ತಿದ್ದ. ಗಂಗಣ್ಣ ಹಿಂದೆ ತಿರುಗದೆಯೇ ಇಳಿಯಿರಿ ಎಂದು ಪಿಸುಗುಟ್ಟಿದರು. ಅವರು ಹೇಳುವ ಮೊದಲೇ ನಾನು ಧುಮುಕಿದ್ದೆ. ನಮ್ಮ ಕಡೆ ಸೈಕಲ್ ತುಳಿದು ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಡಬಲ್ಸ್ ಹೋಗುವಾಗ ಖಾಕಿ ಕಂಡರೆ ಹಿಂದಿನವರು ಇಳಿಯಬೇಕು, ಮುಂದಿನವರು ಏನೂ ಗೊತ್ತಿಲ್ಲದಂತೆ ಸೈಕಲ್ ತಳ್ಳಿಕೊಂಡು ಹೋಗಬೇಕು. ಇಲ್ಲದಿದ್ದರೆ ಪೊಲೀಸಪ್ಪ ಟೈರಿನ ಗಾಳಿ ಬಿಟ್ಟು ಕಳಿಸುತ್ತಾನೆ.

ಆ ಪೊಲೀಸ್ ನೇರವಾಗಿ ನಮ್ಮ ಹತ್ತಿರವೇ ಬಂದ. ಬಗ್ಗಿ ಚಕ್ರ ನೋಡತೊಡಗಿದ. ಗಂಗಣ್ಣ ಗಾಳಿ ತುಂಬುವ ವಾಲ್ವಿನ ಮೇಲೆ ಅಂಗೈ ಮುಚ್ಚಿ ನಿಂತರು. ಅವನು ಈ ಕಡೆಯಿಂದ ಬಗ್ಗಿದರೆ ಇವರು ಆ ಕಡೆ ತಿರುಗಿಸುತ್ತಿದ್ದರು. ಕೊನೆಗೆ ಅವನು ಪಂಕ್ಚರ್ ಆಗಿದೆಯೇ ಸರ್, ಠಾಣೆ ಇಲ್ಲೇ ಹತ್ತಿರ, ಅಲ್ಲಿ ಪಂಪ್ ಇದೆ, ತರಲೇ ಎಂದು ಕೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಗಂಗಣ್ಣ ಅಂಗೈ ತೆಗೆಯಲಿಲ್ಲ.

ಮನೆಗೆ ಬಂದು ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ನನಗೆ ಸಿಟ್ಟು ಬಂತು. ಜೀವಮಾನವಿಡೀ ಕಾನೂನುಬದ್ಧವಾಗಿ ದುಡಿದ ಮನುಷ್ಯ ಇನ್ನೊಂದು ದೇಶದಲ್ಲೂ ಸೈಕಲ್ ಕಾರಣಕ್ಕೆ ಕಳ್ಳನ ಹಾಗೆ ನಿಲ್ಲಬೇಕಾಯಿತಲ್ಲ. ನಮ್ಮಲ್ಲಿ ಕಾರಿನವರಿಗೆ ಸಲ್ಯೂಟು, ಸೈಕಲ್ಲಿನವರಿಗೆ ಗಾಳಿ ಬಿಡುವುದು.

ಸರ್ಕಲ್ಲು

ಡೋರೀನ್ ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಸೈಕಲ್ ಹತ್ತಿ ಊರಾಚೆಯ ವೃದ್ಧಾಶ್ರಮಕ್ಕೆ ಹೋಗುತ್ತಿದ್ದರು. ಅಲ್ಲಿ ಅವರ ಅಕ್ಕ ಐವಿ ಇದ್ದರು. ಐವಿಗೆ ನೆನಪು ಹೋಗಿತ್ತು. ತಲೆ ಬಾಚಲು ಬೇರೆ ಯಾರು ಬಂದರೂ ಕಿರುಚಿ ಬಾಚಣಿಗೆ ಎಸೆಯುತ್ತಿದ್ದರಂತೆ. ಡೋರೀನ್ ಬಂದರೆ ಮಾತ್ರ ಸುಮ್ಮನೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಅತ್ತ ಹೋಗುತ್ತಿದ್ದ ಬಸ್ಸನ್ನು ನಿಲ್ಲಿಸಿಬಿಟ್ಟಿದ್ದರು. ಡೋರೀನ್ ಅವರಿಗೆ ಕಾರು ಓಡಿಸಲು ಬಾರದು. ದಾರಿಯಲ್ಲಿ ಹೊಸದಾಗಿ ಬೈಪಾಸ್ ಬಂದು, ನಡುವೆ ಒಂದು ದೊಡ್ಡ ಸರ್ಕಲ್ ಹುಟ್ಟಿಕೊಂಡಿತ್ತು. ನಾಲ್ಕೂ ಕಡೆಯಿಂದ ಕಾರುಗಳು ನಿಲ್ಲದೆ ನುಗ್ಗುತ್ತಿದ್ದವು.

ಒಂದು ದಿನ ನಾವು ಅವರ ಜೊತೆ ಹೋದೆವು. ಸರ್ಕಲ್ಲಿನ ಅಂಚಿನಲ್ಲಿ ಅವರು ಸೈಕಲ್ಲಿನಿಂದ ಇಳಿದರು. ಒಂದು ಹೆಜ್ಜೆ ಮುಂದಿಟ್ಟರು, ಹಿಂದೆ ಬಂದರು. ಮತ್ತೆ ಮುಂದಿಟ್ಟರು, ಮತ್ತೆ ಹಿಂದೆ ಬಂದರು. ಆ ಫೋಟೊ ನಾನು ತೆಗೆದದ್ದು ಆಗಲೇ. ಹಿಂದಿನ ಚಳಿಗಾಲ ಒಂದು ವ್ಯಾನು ಅವರ ಹ್ಯಾಂಡಲ್ ಸವರಿಕೊಂಡು ಹೋಗಿತ್ತಂತೆ. ಇನ್ನೊಂದು ಚಳಿಗಾಲ ಹೀಗೆ ದಾಟಲು ತನ್ನಿಂದ ಆಗುವುದಿಲ್ಲ, ಆಗದ ದಿನ ಐವಿ ಯಾರ ಕೈಯಲ್ಲೂ ತಲೆ ಬಾಚಿಸಿಕೊಳ್ಳದೆ ಕೂತಿರುತ್ತಾಳೆ ಎಂದರು. ಸರ್ಕಲ್ಲಿನ ಕೆಳಗೆ ಸೈಕಲ್ಲಿಗೊಂದು ಸಣ್ಣ ಸುರಂಗದಾರಿ ಮಾಡಿಕೊಡಿ ಎಂದು ಬೀದಿ ಬೀದಿ ಸುತ್ತಿ ಸಹಿ ಮಾಡಿಸುತ್ತಿದ್ದರು. ಊರಿನ ಕೌನ್ಸಿಲ್ ಚುನಾವಣೆ ಹತ್ತಿರದಲ್ಲಿತ್ತು. ಗೆದ್ದವರು ಆ ದಾರಿಗೆ ಹಣ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದಿತ್ತು.

ವಾಪಸು ಬರುವಾಗ ಗಂಗಣ್ಣ ಆ ಸರ್ಕಲ್ಲನ್ನು ತಿರುತಿರುಗಿ ನೋಡುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ನಮ್ಮ ತುಮಕೂರು ರಸ್ತೆಯಲ್ಲಿ, ಎಂಟನೇ ಮೈಲಿಯ ಹತ್ತಿರ, ರಸ್ತೆ ಅಗಲ ಮಾಡಿದವರು ನಡುವೆ ಉದ್ದಕ್ಕೂ ಸಿಮೆಂಟ್ ಕಲ್ಲು ನಿಲ್ಲಿಸಿಬಿಟ್ಟಿದ್ದರು. ಆ ಕಡೆ ಊರುಗಳು, ಈ ಕಡೆ ಕಾರ್ಖಾನೆಗಳು. ಶಿಫ್ಟಿಗೆ ಬರುವವರು ಸೈಕಲ್ ಹೆಗಲಿಗೆ ಎತ್ತಿಕೊಂಡು ಕಲ್ಲು ದಾಟಬೇಕಾಗಿತ್ತು. ಒಬ್ಬರು ಮುಂದೆ ಹೋಗಿ ಲಾರಿಗಳಿಗೆ ಕೈ ಅಡ್ಡ ಹಿಡಿದು ನಿಲ್ಲುವುದು, ಉಳಿದವರು ಗುಂಪಾಗಿ ದಾಟುವುದು ರೂಢಿಯಾಗಿತ್ತು. ಹೀಗೆ ನಿಲ್ಲುತ್ತಿದ್ದವನು ಶಿವಲಿಂಗ, ಗಂಗಣ್ಣನ ಪಕ್ಕದ ಲೇತಿನವನು, ಬಾಗಲಕೋಟೆ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದವನು. ಒಂದು ಬೆಳಿಗ್ಗೆ ಒಂದು ಲಾರಿ ನಿಲ್ಲಲಿಲ್ಲ. ಸ್ವಂತ ಅಜಾಗರೂಕತೆಯಿಂದ ಸತ್ತ ಎಂದು ಪೊಲೀಸರು ಬರೆದು ಕಾಗದ ಮುಗಿಸಿದರು. ಆಮೇಲೆ ಕಾರ್ಮಿಕರೇ ಹಾರೆ ತಂದು ಎರಡು ಕಲ್ಲು ಕಿತ್ತು ಸೈಕಲ್ಲು ತೂರುವಷ್ಟು ಸಂದಿ ಮಾಡಿಕೊಂಡಿದ್ದರು.

ಚರ್ಚ್ ಹಾಲ್, ಮಂಗಳವಾರ

ಸೈಕಲ್ ದಾರಿಯ ಬಗ್ಗೆ ಅಭ್ಯರ್ಥಿಗಳ ನಿಲುವು ಕೇಳಲು ಚರ್ಚ್ ಹಾಲಿನಲ್ಲಿ ಸಭೆ ಸೇರಿಸಿದ್ದರು. ನಮ್ಮಲ್ಲಿ ಅಭ್ಯರ್ಥಿ ಎಂದರೆ ಜೀಪಿನಲ್ಲಿ ಕೈ ಮುಗಿದುಕೊಂಡೇ ಹಾದುಹೋಗುವ ಮನುಷ್ಯ. ಇಲ್ಲಿ ಮೂವರು ಮಡಚುವ ಕುರ್ಚಿಯಲ್ಲಿ ಸಾಲಾಗಿ ಕೂತು, ಮುದುಕಿಯರ ಪ್ರಶ್ನೆ ಬರೆದುಕೊಳ್ಳುತ್ತಿದ್ದರು. ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಬಾರದೆಂದು ಮೇಜಿನ ಮೇಲೆ ಮೊಟ್ಟೆ ಬೇಯಿಸುವಾಗ ಇಡುವ, ಹೊತ್ತಾದರೆ ಗಂಟೆ ಹೊಡೆಯುವ ಪುಟ್ಟ ಗಡಿಯಾರ ಇಟ್ಟಿದ್ದರು. ನಾನು ಹೊಟ್ಟೆಕಿಚ್ಚಿನಿಂದ ನೋಡಿದೆ. ಆ ಹೊಟ್ಟೆಕಿಚ್ಚು ಹತ್ತು ನಿಮಿಷವೂ ಉಳಿಯಲಿಲ್ಲ.

ಮೊದಲನೆಯವನು ಸಂತೆಬೀದಿಯಲ್ಲಿ ಸೋಫಾ ಅಂಗಡಿ ಇಟ್ಟವನು. ಸೈಕಲ್ಲಿನವರು ರಸ್ತೆ ತೆರಿಗೆ ಕಟ್ಟುವುದಿಲ್ಲ, ಕಟ್ಟದವರಿಗೆ ಯಾಕೆ ಹಣ, ಅಂಗಡಿಗಳ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ, ಮೊದಲು ಅದಾಗಲಿ ಎಂದ. ಎರಡನೆಯವನು ಸೈನ್ಯದಿಂದ ನಿವೃತ್ತನಾದ ಮೀಸೆಯ ಮನುಷ್ಯ. ಎಲ್ಲವನ್ನೂ ಪರಿಶೀಲಿಸಲು ಸಮಿತಿ ಮಾಡುತ್ತೇನೆ ಎಂದ. ಈ ಮಾತನ್ನು ನಾನು ಏಳು ಸಮುದ್ರ ದಾಟಿ ಬಂದು ಕೇಳಬೇಕಾಗಿರಲಿಲ್ಲ. ಮೂರನೆಯವಳು ಶಾಲಾ ಟೀಚರು, ದಾರಿ ಬೇಕೇ ಬೇಕು ಎಂದಳು. ಹಣ ಎಲ್ಲಿಂದ ಎಂದು ಕೇಳಿದಾಗ ಮೊಟ್ಟೆ ಗಡಿಯಾರ ಹೊಡೆದುಕೊಂಡು ಅವಳನ್ನು ಬಚಾವು ಮಾಡಿತು.

ಆಗ ಡೋರೀನ್ ಎದ್ದು ತಮ್ಮ ಅಕ್ಕನ ವಿಷಯ ಹೇಳಿ, ನಮ್ಮನ್ನು ತೋರಿಸಿ, ಇವರು ಭಾರತದಿಂದ ಬಂದವರು, ಇವರೂ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಾರೆ, ಅಲ್ಲಿ ಹೇಗಿದೆ ಎಂದು ಕೇಳೋಣ ಎಂದರು. ನಾನು ಗಂಗಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಅವರು ಇದಕ್ಕೇ ಕಾಯುತ್ತಿದ್ದವರ ಹಾಗೆ ಎದ್ದು ನಿಂತರು.

"ಇವ್ರಿಗೆ ಏಳಿ ಶೈಲಮ್ಮ. ಎಂಟನೇ ಮೈಲೀಲಿ ರೋಡ್ ಮಧ್ಯ ಕಲ್ ಆಕ್‌ಬುಟ್ರು, ಸೈಕಲ್ ಎತ್ಕೊಂಡ್ ದಾಟ್ತಿದ್ವಿ ಅಂತ ಏಳಿ. ನಮ್ ಶಿವಲಿಂಗ ಎಲ್ರೂ ದಾಟ್ಲಿ ಅಂತ ಕೈ ಅಡ್ಡ ಇಡ್ಕೊಂಡ್ ನಿಂತಿದ್ದ, ಲಾರಿಯವ್ನು ನಿಲ್ಲುಸ್ಲಿಲ್ಲ ಅಂತ ಏಳಿ. ಈ ಅಜ್ಜೀಗೆ ಅಂಗಾಗ್ಬಾರ್ದು ಅಂತ ಏಳಿ."

ಸಭೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಮುತ್ತಿನ ಸರದ ಒಬ್ಬ ಹೆಂಗಸು ನಾನು ಬಾಯಿ ತೆರೆಯುವ ಮೊದಲೇ ತಲೆ ವಾಲಿಸಿ, ಅಯ್ಯೋ ಪಾಪ ಎನ್ನುವ ಮುಖ ಮಾಡಿಕೊಂಡು ಕೂತಿದ್ದಳು. ಆ ಮುಖ ನೋಡಿದ್ದೇ ನನಗೆ ಏನಾಯಿತೋ. ನಮ್ಮ ಮನೆಯ ಹರಿದ ಸೀರೆಯನ್ನು ಇವರ ಅಂಗಳದಲ್ಲಿ ಯಾಕೆ ಒಣಹಾಕಬೇಕು ಅನ್ನಿಸಿತು. ನಾನು ಬೆನ್ನು ನೆಟ್ಟಗೆ ಮಾಡಿ, ಒಳ್ಳೆಯ ಇಂಗ್ಲಿಷಿನಲ್ಲಿ, ನಮ್ಮ ಕೈಗಾರಿಕಾ ಪ್ರದೇಶಕ್ಕೆ ದಿನವೂ ಸಾವಿರಾರು ಜನ ಸೈಕಲ್ಲಿನಲ್ಲಿ ಬರುತ್ತಾರೆ, ಸೈಕಲ್ಲಿಗೆಂದು ಪ್ರತ್ಯೇಕ ದಾರಿ ಅಂತ ಇಲ್ಲ, ಆದರೂ ತೊಂದರೆಯಿಲ್ಲ, ನಾವು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ ಎಂದೆ.

ಚಪ್ಪಾಳೆ ಬಿತ್ತು. ಮುತ್ತಿನ ಸರದವಳ ತಲೆ ನೆಟ್ಟಗಾಯಿತು. ಸೋಫಾ ಅಂಗಡಿಯವನು ಏನನ್ನೋ ಚೀಟಿಯಲ್ಲಿ ಬರೆದುಕೊಂಡ. ಸಭೆ ಮುಗಿದ ಮೇಲೆ ಅವನೇ ಅಂಗಿಯ ತೋಳು ಮಡಚಿ ಎಲ್ಲರ ಚಹಾ ಕಪ್ಪು ತೊಳೆದ. ಅದನ್ನು ನೋಡಿ ಎಷ್ಟು ಸರಳ ಮನುಷ್ಯ ಎಂದು ನಾನು ಮೆಚ್ಚಿಕೊಂಡೆ ಬೇರೆ.

ಮನೆಗೆ ನಡೆಯುವಾಗ ಗಂಗಣ್ಣ ಹಿಂದುಳಿದರು. ಡೋರೀನ್ ಮುಂದೆ ಹೋಗಲಿ ಎಂದು ಕಾದು, ಮೆಲ್ಲಗೆ ಕೇಳಿದರು.

"ಎಸ್ರು ಇಂಗ್ಲೀಸ್ನಾಗೂ ಅದೇ ಎಸ್ರು ಅಲ್ವಾ ಶೈಲಮ್ಮ? ಶಿವಲಿಂಗ ಅಂದಿದ್ದು ನಂಗೆ ಕೇಳುಸ್ಲೇ ಇಲ್ಲ."

ಕೂದಲೆಳೆ ವ್ಯತ್ಯಾಸಕ್ಕೆ ಇನ್ನೊಬ್ಬರ ಕೆಲಸಕ್ಕೆ ಕೆಂಪು ಬಳಿಯುವವಳು, ಒಬ್ಬ ಸತ್ತ ಮನುಷ್ಯನನ್ನೇ ಲೆಕ್ಕದಿಂದ ಬಿಟ್ಟಿದ್ದೆ.

ಶನಿವಾರದ ಸಂತೆ

ಶನಿವಾರ ಬೆಳಿಗ್ಗೆ ಡೋರೀನ್ ಅವರ ಬಾಗಿಲ ಸಂದಿಯಿಂದ ಒಂದು ಕರಪತ್ರ ಬಿತ್ತು. ಸೋಫಾ ಅಂಗಡಿಯವನದು. ಭಾರತದಿಂದ ಬಂದ ಇಂಜಿನಿಯರ್ ಮಹಿಳೆಯೊಬ್ಬರು ನಮ್ಮ ಊರಿನ ಸಭೆಯಲ್ಲಿ ಹೇಳಿದಂತೆ ಅಲ್ಲಿ ಸಾವಿರಾರು ಜನ ಯಾವ ದಾರಿಯೂ ಇಲ್ಲದೆ ಸೈಕಲ್ಲಿನಲ್ಲಿ ಸುಖವಾಗಿ ಓಡಾಡುತ್ತಾರೆ, ಹಾಗಿರುವಾಗ ನಾವು ಸುರಂಗಕ್ಕೆ ಹಣ ಸುರಿಯಬೇಕೇ ಎಂದು ಅದರಲ್ಲಿತ್ತು. ಸುಖವಾಗಿ ಎಂದು ನಾನು ಹೇಳಿರಲಿಲ್ಲ. ಉಳಿದದ್ದೆಲ್ಲ ನಾನೇ ಹೇಳಿದ್ದು.

ಡೋರೀನ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಿಮ್ಮ ಊರಿನಲ್ಲಿ ನಿಜವಾಗಿ ಅಷ್ಟು ಸುಲಭವೇ ಎಂದು ಕೇಳಿದರು. ಇಲ್ಲ ಎಂದೆ. ಶಿವಲಿಂಗನ ವಿಷಯ ಹೇಳಿದೆ. ಅವರು ಕೆಟಲಿನ ಟೋಪಿ ತೆಗೆದು ಮತ್ತೆ ಅದಕ್ಕೇ ಹಾಕಿದರು. ಆಮೇಲೆ, ಹಾಗಾದರೆ ಆ ದಿನ ಯಾಕೆ ಹೇಳಲಿಲ್ಲ ಎಂದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಗಂಗಣ್ಣನನ್ನು ಕರೆದುಕೊಂಡು ಸಂತೆಗೆ ಹೋದೆ. ಸೋಫಾ ಅಂಗಡಿಯವನು ತರಕಾರಿ ಅಂಗಡಿಗಳ ನಡುವೆ ಮೇಜು ಹಾಕಿಕೊಂಡು ಜನರ ಕೈಕುಲುಕುತ್ತಿದ್ದ. ನನ್ನನ್ನು ಕಂಡು ಹಳೆಯ ನೆಂಟರು ಬಂದಂತೆ ಮುಖ ಅರಳಿಸಿದ. ಗಂಗಣ್ಣ ಮತ್ತೆ ಮೊದಲಿನಿಂದ ಹೇಳಿದರು, ನಾನು ಒಂದು ಪದವನ್ನೂ ಬಿಡದೆ ಇಂಗ್ಲಿಷಿಗೆ ತಂದೆ. ಕಲ್ಲು, ಹೆಗಲ ಮೇಲಿನ ಸೈಕಲ್ಲು, ಅಡ್ಡ ಹಿಡಿದ ಕೈ, ನಿಲ್ಲದ ಲಾರಿ. ಶಿವಲಿಂಗ ಎಂಬ ಹೆಸರನ್ನು ಎರಡು ಸಲ ಹೇಳಿದೆ. ಟೊಮ್ಯಾಟೊ ಆರಿಸುತ್ತಿದ್ದ ಹೆಂಗಸರು ನಿಂತು ಕೇಳಿದರು. ಆ ಕರಪತ್ರವನ್ನು ಹಿಂದೆ ತೆಗೆದುಕೊಳ್ಳಿ ಎಂದು ಕೇಳಿದೆ.

ಅವನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಆಮೇಲೆ ನನ್ನ ತೋಳು ತಟ್ಟಿ ಹೇಳಿದ.

"ತುಂಬಾ ದುಃಖದ ವಿಷಯ. ಆದರೆ ನೋಡಿ, ಅದು ಇಂಡಿಯಾ."

ಹಣ ಉಳಿಸಲು ಬೇಕಾದಾಗ ನಾವು ಇವರಿಗೆ ಮಾದರಿ. ಹೆಣ ಬಿದ್ದ ಸುದ್ದಿ ಹೇಳಿದರೆ ನಾವು ಬೇರೆ ಲೋಕ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಕೊನೆಯ ಭಾಗ ಕನ್ನಡದಲ್ಲೇ ಬಂತು. ಗಂಗಣ್ಣ ಮೇಜಿನ ಮೇಲಿದ್ದ ಕರಪತ್ರಗಳ ಕಟ್ಟನ್ನು ಶಾಂತವಾಗಿ ಎತ್ತಿಕೊಂಡು ಕಂಕುಳಲ್ಲಿಟ್ಟು ನಡೆದೇಬಿಟ್ಟರು. ಯಾರೂ ತಡೆಯಲಿಲ್ಲ. ಆದರೆ ಅಷ್ಟು ಹೊತ್ತಿಗೆ ಊರಿನ ಬಹುಪಾಲು ಮನೆಗಳ ಬಾಗಿಲ ಸಂದಿಯಲ್ಲಿ ಅದು ಬಿದ್ದಾಗಿತ್ತು.

ಗುರುವಾರ

ಗುರುವಾರ ಮತದಾನ, ಗದ್ದಲವಿಲ್ಲ, ರಜೆಯೂ ಇಲ್ಲ. ಶಾಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಬಂದರು. ಸೋಫಾ ಅಂಗಡಿಯವನು ಗೆದ್ದ. ನಾವು ಹೊರಡುವ ವಾರ ಸ್ಥಳೀಯ ಪತ್ರಿಕೆಯಲ್ಲಿ ಸುದ್ದಿ ಬಂತು. ಸರ್ಕಲ್ಲಿನ ಸುರಂಗದ ಹಣ ಸಂತೆಬೀದಿಯ ಕಾರ್ ಪಾರ್ಕಿಂಗಿಗೆ ಹೋಗಿತ್ತು.

ನಾನು ಡೋರೀನ್ ಅವರ ಕೈ ಹಿಡಿದು ಕ್ಷಮೆ ಕೇಳಿದೆ. ನಿನ್ನ ಮಾತಿಲ್ಲದಿದ್ದರೂ ಅವನು ಗೆಲ್ಲುತ್ತಿದ್ದ ಎಂದರು. ಆದರೂ ಆ ಮಾತನ್ನು ಅವನ ಕೈಗೆ ಕೊಡಬಾರದಿತ್ತು ಎಂದು ಸೇರಿಸಿದರು. ಆಮೇಲೆ ಗೋಡೆ ಗಡಿಯಾರ ನೋಡಿ, ಮೂರಾಯಿತು ಎಂದು ಸೈಕಲ್ ತೆಗೆದರು. ಅವರು ಬೀದಿ ತುದಿಯಲ್ಲಿ ತಿರುಗುವವರೆಗೂ ಗಂಗಣ್ಣ ಗೇಟಿನಲ್ಲಿ ನಿಂತು ನೋಡುತ್ತಿದ್ದರು.

ಎಂಟನೇ ಮೈಲಿ

ನಾವು ಮರಳಿ ಬಂದ ಕೆಲವು ತಿಂಗಳಿಗೆ ನಮ್ಮಲ್ಲೂ ಸ್ಥಳೀಯ ಚುನಾವಣೆ ಬಂತು. ಒಬ್ಬ ಅಭ್ಯರ್ಥಿ ಕಾರ್ಖಾನೆ ಗೇಟಿಗೆ ಬಂದ, ಶಿಫ್ಟು ಬಿಡುವ ಹೊತ್ತಿಗೆ, ಹಾರ ಹಾಕಿಕೊಂಡು. ಇಂಗ್ಲೆಂಡಿಗೆ ಹೋಗಿ ಬಂದ ಮೇಡಂ ಎಂದು ಮಾಲೀಕರೇ ನನ್ನನ್ನು ಮುಂದೆ ತಳ್ಳಿದರು. ನಾನು ಈ ಸಲ ಏನನ್ನೂ ನುಂಗಲಿಲ್ಲ. ಎಂಟನೇ ಮೈಲಿಯಲ್ಲಿ ಸೈಕಲ್ಲಿನವರಿಗೆ ದಾಟಲು ಸಿಗ್ನಲ್ ಬೇಕು, ಕೌನ್ಸಿಲಿನಿಂದ ಅದಕ್ಕೆ ಹಣ ತೆಗೆದಿಡುತ್ತೀರಾ ಎಂದು ಕೇಳಿದೆ. ಶಿವಲಿಂಗ ಎಂಬುವವನು ಅಲ್ಲಿ ಸತ್ತ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಗಂಗಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು. ಅಭ್ಯರ್ಥಿ ಕೈ ಮುಗಿದುಕೊಂಡೇ ಹೇಳಿದ.

"ಫಾರಿನ್ ನೋಡ್ಕೊಂಡ್ ಬಂದಿದೀರಾ, ಅದಕ್ಕೆ ಹಿಂಗ್ ಕೇಳ್ತಿದೀರಾ ಮೇಡಂ. ಇದು ಇಂಡಿಯಾ ಕಣ್ರೀ. ಇನ್ನೈದ್ ವರ್ಷಕ್ಕೆ ಇವ್ರೆಲ್ಲ ಬೈಕ್ ತಗೊಂಡಿರ್ತಾರೆ, ಸೈಕಲ್‌ಗೆ ಯಾರ್ ದುಡ್ ಹಾಕ್ತಾರೆ? ಆದ್ರೂ ಡೇಂಜರ್ ಅಂತಿದೀರಲ್ಲ, ಏನಾದ್ರೂ ಮಾಡಿಸ್ತೀನಿ."

ಮಾಡಿಸಿದ. ಮೂರನೆಯ ದಿನ ಬೆಳಿಗ್ಗೆ ನಾನು ಎಂಟನೇ ಮೈಲಿಗೆ ಬಂದಾಗ ರಸ್ತೆಯ ಅಂಚಿನಲ್ಲಿ ಸೈಕಲ್ಲುಗಳು ಗುಂಪುಗಟ್ಟಿ ನಿಂತಿದ್ದವು. ಕಾರ್ಮಿಕರು ಹಾರೆ ಹಾಕಿ ಮಾಡಿಕೊಂಡಿದ್ದ ಸಂದಿಯಲ್ಲಿ ಎರಡು ಹೊಸ ಸಿಮೆಂಟ್ ಕಲ್ಲು ಕೂತಿದ್ದವು, ಹಸಿ ಇನ್ನೂ ಆರಿರಲಿಲ್ಲ. ಮೇಲೆ ಒಂದು ಬ್ಯಾನರು, ಕೈ ಮುಗಿದ ಅವನ ಫೋಟೊ, ಸೈಕಲ್ ಸವಾರರ ಸುರಕ್ಷತೆಗಾಗಿ, ಸಾರ್ವಜನಿಕರ ಕೋರಿಕೆಯ ಮೇರೆಗೆ ಎಂಬ ಬರಹ. ಕೋರಿದ ಸಾರ್ವಜನಿಕಳು ನಾನೇ. ಅಲ್ಲಿದ್ದವರು ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. ಇಬ್ಬರು ಆಗಲೇ ಸೈಕಲ್ಲನ್ನು ಹೆಗಲಿಗೆ ಏರಿಸುತ್ತಿದ್ದರು.

ಗುಂಪಿನಲ್ಲಿದ್ದ ಗಂಗಣ್ಣ ಆ ಇಬ್ಬರಿಗೂ ಸೈಕಲ್ ಇಳಿಸಿ ಎಂದರು. ತಮ್ಮ ಸೈಕಲ್ಲನ್ನು ತಳ್ಳಿಕೊಂಡು ರಸ್ತೆಗೆ ಇಳಿದು, ಲಾರಿ ಬರುವ ದಾರಿಯ ಸರೀ ನಡುವೆ ಅದನ್ನು ಅಡ್ಡ ನಿಲ್ಲಿಸಿ ಸ್ಟ್ಯಾಂಡ್ ಹಾಕಿದರು. ಮೊದಲ ಲಾರಿ ಹಾರ್ನ್ ಹೊಡೆಯುತ್ತಾ ಬಂದು ಮಾರು ದೂರದಲ್ಲಿ ನಿಂತಿತು. ಅದರ ಹಿಂದೆ ಇನ್ನೊಂದು. ಅವರು ನನ್ನನ್ನು ಕರೆಯಲಿಲ್ಲ. ನಾನು ನನ್ನ ಲೇಡೀಸ್ ಸೈಕಲ್ಲನ್ನು ಅವರ ಪಕ್ಕಕ್ಕೆ ತಂದು ನಿಲ್ಲಿಸಿ, ಬೀಗ ಹಾಕಿ, ಕೀಯನ್ನು ಪರ್ಸಿಗೆ ಹಾಕಿಕೊಂಡೆ.